ಮಾಮಾ ಸಂತೂರಿ

ಜುಜಾ ರೋಡ್, ನೈರೋಬಿ
೯ ಸೆಪ್ಟೆಂಬರ್ ೧೯೯೧, ಸೋಮವಾರ

ಪ್ರೀತಿಯ ಅಂಬುಜಾ,

ನೀನು, ನಿನ್ನ ಯಜಮಾನರು ವಿಶ್ವನಾಥರು, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾನು ಗಟ್ಟಿಯಾಗಿಯೇ ಇದ್ದೇನೆ. ನಿನ್ನ ಪತ್ರ ಬಂದು ಏಳು ವಾರವಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ, ಬೈದುಕೋ. ವಿಳಾಸ ಗೊತ್ತಿಲ್ಲದೆ ನೀನು ನಮ್ಮ ಇಗರ್ಜಿಯ ಹೆಸರಿಗೆ ಹಾಕಿದ್ದೆಯಲ್ಲ, ಅಲ್ಲಿಯ ಗುಮಾಸ್ತ ವಿನ್ಸೆಂಟ್ ಅದನ್ನು ಜೇಬಿನಲ್ಲಿಟ್ಟುಕೊಂಡು ನನ್ನ ಮನೆ ಹುಡುಕಿಕೊಂಡು ಬಂದು ಕೊಟ್ಟ. ಅವನ ತಪ್ಪಿಲ್ಲ. ತಡ ಮಾಡಿದ್ದು ನಾನು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹಾಳೆ ಹರಿದೆ.

ಹನ್ನೆರಡು ವರ್ಷದ ನಂತರ ನಿನ್ನ ಅಕ್ಷರ ನೋಡಿದೆ. ನನ್ನ ಮಗಳು ಸೆಲಿನ್ ನಿನ್ನ ಕ್ಲಾಸಿನಲ್ಲಿ, ಎಂಟನೇ ತರಗತಿಯಲ್ಲಿ ಕೂತಿದ್ದಾಳೆ ಎಂದು ಬರೆದಿದ್ದೀಯ. ಹಾಜರಿ ಕರೆಯುವಾಗ ಅವಳು ತಲೆ ಎತ್ತಿದ ರೀತಿಗೇ ನಿನಗೆ ಗೊತ್ತಾಯಿತಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಟ್ಟಿಲ್ಲ.

ಮತ್ತೆ ನೀನು ಕೇಳಿದ್ದೀಯ: "ನಿನ್ನ ಬಗ್ಗೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ ಮಾರಾಯ್ತಿ. ಹೋಟೆಲಲ್ಲಿ ಕುಣಿಯುತ್ತಿ ಅಂತ ಒಬ್ರು, ಅಲ್ಲಿಯವ ಒಬ್ಬನ ಜೊತೆ ಇದ್ದಿ ಅಂತ ಇನ್ನೊಬ್ರು, ಜೈಲಿಗೆ ಹೋಗಿ ಬಂದಿ ಅಂತ ಮತ್ತೊಬ್ರು. ಯಾವುದು ನಿಜ?" ಜೈಲಿನದು ಅರ್ಧ ನಿಜ. ಮಿಕ್ಕಿದ್ದು ಸುಳ್ಳು. ನಿಜ ಅದಕ್ಕಿಂತ ಚೆನ್ನಾಗಿದೆ, ಹೇಳುತ್ತೇನೆ.

ನಾನು ಡೀಜೇ. ಹಾಲ್‌ನಲ್ಲಿ ಗ್ರಾಮಫೋನ್ ಪ್ಲೇಟು ಹಾಕಿ, ಮೈಕ್ ಹಿಡಿದು, ಹಾಡಿನ ಮೇಲೆ ಮಾತು ಹಾರಿಸುತ್ತಾ ಜನರನ್ನು ಕುಣಿಸುವುದು ನನ್ನ ಕೆಲಸ. ಹಾಡುಗಳು ರೆಗೆ, ಜಮೈಕಾ ಎಂಬ ದ್ವೀಪದವು. ಈ ಊರಿನಲ್ಲಿ ಈ ಕೆಲಸವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಮೂವರಿದ್ದಾರೆ, ಅವರಲ್ಲಿ ಇಬ್ಬರಿಗೆ ಕಲಿಸಿದ್ದು ನಾನು. ಇದನ್ನು ನೀನು ಬೇಕಾದರೆ ಮೀನು ಮಾರ್ಕೆಟ್ಟಿನಲ್ಲಿ ನಿಂತು ಓದಿ ಹೇಳು.

ಶುರುವಾದದ್ದು ಹೀಗೆ. ಎಪ್ಪತ್ತಾರರಲ್ಲಿ ಹೆರಾಲ್ಡ್‌ರನ್ನು ಮದುವೆಯಾಗಿ ಇಲ್ಲಿಗೆ ಬಂದದ್ದು ನಿನಗೆ ಗೊತ್ತು. ಅವರಿಗೆ ಇಂಡಸ್ಟ್ರಿಯಲ್ ಏರಿಯಾದ ಸಾಬೂನು ಫ್ಯಾಕ್ಟರಿಯಲ್ಲಿ ಅಕೌಂಟೆಂಟ್ ಕೆಲಸ. ಸೆಲಿನ್‌ಗೆ ಎರಡು ವರ್ಷವಾದ ಮೇಲೆ ನಾನೂ ಅದೇ ಏರಿಯಾದಲ್ಲಿ, ಗ್ರಾಮಫೋನ್ ಪ್ಲೇಟು ಒತ್ತುವ ಒಂದು ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಒಂದು ದಿನ ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಹಾಕಿದ್ದ ಪ್ಲೇಟು ಗೋಡೆಯಾಚೆಯಿಂದ ಕೇಳಿ, "ಎರಡನೇ ಚರಣದಲ್ಲಿ ಮುಳ್ಳು ಹಾರುತ್ತಾ ಇದೆ" ಎಂದೆ. ಯಾರೂ ನಂಬಲಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಹೌದು. ಮರುವಾರದಿಂದ ನನಗೆ ಟೈಪ್‌ರೈಟರ್ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೂರು ಪ್ಲೇಟಿಗೆ ಒಂದರಂತೆ ಕೇಳಿ ದೋಷ ಹಿಡಿಯುವುದೇ ಕೆಲಸ. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಕಿವಿಗೆ ಸಂಬಳ.

ಅಲ್ಲಿ ಒಂದು ದಿನ ರೆಗೆ ಬಂತು. ಬೇರೆಯವರು ತಾಳ ಹಾಕುವ ಜಾಗದಲ್ಲಿ ಇವರು ಸುಮ್ಮನಿರುತ್ತಾರೆ. ಬೇರೆಯವರು ಸುಮ್ಮನಿರುವಲ್ಲಿ ಗಿಟಾರು ಚಕ್ಕೆಂದು ಬೀಳುತ್ತದೆ. ಕೆಳಗೆ ಮಂದ್ರದಲ್ಲಿ ಒಂದು ಸ್ವರ ಯಾರ ಮುಲಾಜೂ ಇಲ್ಲದೆ ನಡೆದು ಹೋಗುತ್ತಿರುತ್ತದೆ. ಇಗರ್ಜಿಯ ಕ್ವಾಯರ್‌ನಲ್ಲಿ ಅರ್ಧ ತಾಳ ತಡವಾಗಿ ಶುರು ಮಾಡುತ್ತೇನೆಂದು ಮಾಸ್ತರರು ನನ್ನ ಬೆರಳಗಂಟಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದದ್ದು ನೆನಪಿದೆಯಾ? ಇಲ್ಲಿ ಅದೇ ಕಾನೂನು. ನನಗೆ ಇಪ್ಪತ್ತಾರು ವರ್ಷ ಆಗ. ನನ್ನಂತೆ ತಡವಾಗಿ ಬರುವವರ ಒಂದು ದ್ವೀಪವೇ ಇದೆಯೆಂದು ಅವತ್ತು ಗೊತ್ತಾಯಿತು.

ಪ್ಯಾಕಿಂಗ್ ವಿಭಾಗದಲ್ಲಿ ಮುಸ್ಯೋಕಿ ಎಂಬವನಿದ್ದ. ಊರವರು ಹೇಳುವ "ಅಲ್ಲಿಯವ" ಇವನೇ. ಅವನಿಗೆ ಹೆಂಡತಿ ಇದ್ದಾಳೆ, ಐದು ಮಕ್ಕಳಿದ್ದಾರೆ. ಅವನ ಹೆಂಡತಿ ನನಗೆ ಜ್ವರ ಬಂದಾಗ ಗಂಜಿ ತಂದು ಕೊಡುವವಳು. ಮರಗೆಲಸ ಬಲ್ಲ ಮುಸ್ಯೋಕಿ ತಾನೇ ಪೆಟ್ಟಿಗೆ ಮಾಡಿ ಬೀರುವಿನಷ್ಟು ಎತ್ತರದ ಸ್ಪೀಕರ್ ಕಟ್ಟಿದ್ದ. ಊರಿನ ಪೂರ್ವದ ಬಡಾವಣೆಯ ಒಂದು ಸೋಷಿಯಲ್ ಹಾಲ್‌ನಲ್ಲಿ ವಾರಕ್ಕೊಮ್ಮೆ ಕುಣಿತ ನಡೆಸುತ್ತಿದ್ದ. ಯಾವ ಪ್ಲೇಟು ಹಾಕಬೇಕೆಂದು ನನ್ನನ್ನು ಕೇಳತೊಡಗಿದ. ನಾನು ಹೇಳಿದ್ದನ್ನು ಹಾಕಿದ ವಾರ ಹಾಲ್ ತುಂಬಿತು. ಎಂಬತ್ತೆರಡರಲ್ಲಿ ಇಲ್ಲಿ ಸೈನಿಕರ ದಂಗೆಯಾಗಿ ಕರ್ಫ್ಯೂ ಬಂದ ಮೇಲೆ ಕುಣಿತ ಭಾನುವಾರ ಮಧ್ಯಾಹ್ನಕ್ಕೆ ಬದಲಾಯಿತು, ಎರಡರಿಂದ ಆರು. ಆ ಹೊತ್ತು ನನಗೂ ಅನುಕೂಲ. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊಟ, ಆಮೇಲೆ ಹಾಲ್. ಹೆರಾಲ್ಡ್ ಮೊದಲಿಗೆ ನಕ್ಕು ಸುಮ್ಮನಿದ್ದರು. ಪ್ಲೇಟು ಆರಿಸಿ ಕೊಡುವುದು ತಾನೆ, ಮೂಲೆಯಲ್ಲಿ ಕೂತು.

ಎಂಬತ್ತಮೂರರ ಮಾರ್ಚ್‌ನಲ್ಲಿ ಮುಸ್ಯೋಕಿಯ ಗಂಟಲು ಕಟ್ಟಿತು. ಹಾಲ್ ತುಂಬ ಜನ, ಮೈಕ್ ಹಿಡಿಯುವವರಿಲ್ಲ. ಅವನು ಸನ್ನೆಯಲ್ಲೇ ಮೈಕ್ ನನ್ನ ಕೈಗೆ ಕೊಟ್ಟ. ಪ್ಲೇಟಿನ ಹಿಂಬದಿಯಲ್ಲಿ ಅದೇ ಹಾಡಿನ ಬರೀ ವಾದ್ಯ ಇರುತ್ತದೆ, ಡೀಜೇ ಅದರ ಮೇಲೆ ಮಾತಾಡಬೇಕು. ಏನು ಮಾತಾಡಲಿ? ನನ್ನ ಸ್ವಾಹಿಲಿ ತರಕಾರಿ ಕೊಳ್ಳುವಷ್ಟು. ಬಾಯಿಗೆ ಬಂದದ್ದು ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಕೂಗು. "ಹಂಪನಕಟ್ಟೆ, ಜ್ಯೋತಿ, ಬೆಂದೂರ್‌ವೆಲ್, ಕಂಕನಾಡಿ, ಪಂಪ್‌ವೆಲ್! ರೈಟ್, ಪೋಯಿ! ಪೋಯಿ!" ತಾಳ ಬಿಟ್ಟಲ್ಲಿ ಒಂದೊಂದು ಸ್ಟಾಪ್ ಇಳಿಸಿದೆ. ಆಮೇಲೆ ನಾನೂರು ಜನ ಒಟ್ಟಿಗೆ "ಪೋಯಿ!" ಎಂದರು ನೋಡು. ಅಂಬುಜಾ, ನನ್ನ ಮದುವೆಯ ದಿನವೂ ನನಗೆ ಹಾಗೆ ಮೈ ಜುಮ್ಮೆಂದಿರಲಿಲ್ಲ.

ಅವರೇ ಹೆಸರಿಟ್ಟರು: ಮಾಮಾ ಸಂತೂರಿ. ಇಲ್ಲಿ ಹೆಂಗಸರನ್ನು ಗೌರವದಿಂದ ಮಾಮಾ ಎನ್ನುತ್ತಾರೆ, ಸಂತೂರಿ ಎಂದರೆ ಗ್ರಾಮಫೋನ್ ಪ್ಲೇಟು. ಒಂದೇ ವರ್ಷದಲ್ಲಿ ನನ್ನ ಕ್ಯಾಸೆಟ್ಟುಗಳು ಮಟಾಟುಗಳಲ್ಲಿ, ಅಂದರೆ ಇಲ್ಲಿಯ ಬಾಡಿಗೆ ವ್ಯಾನುಗಳಲ್ಲಿ, ಕೇಳತೊಡಗಿದವು. ಒಮ್ಮೆ ಸೆಲಿನ್ ಜೊತೆ ಹೋಗುವಾಗ ನನ್ನದೇ ಸ್ವರ ಬಂತು. ಕಂಡಕ್ಟರ್ ಹುಡುಗ ಕುಣಿಯುತ್ತಾ ನಮ್ಮಿಬ್ಬರಿಗೂ ಟಿಕೆಟ್ ಕೇಳಿದ. ಸೆಲಿನ್ ಇಂಗ್ಲಿಷಿನಲ್ಲಿ, ಸೀಟಿನ ಮೇಲೆ ಹತ್ತಿ ನಿಂತು, "ಅದು ನನ್ನ ಮಮ್ಮಿ!" ಎಂದಳು. ಅವಳಿಗೆ ಐದು ವರ್ಷ. ಇಡೀ ವ್ಯಾನು ತಿರುಗಿ ನೋಡಿತು.

ನಮ್ಮವರೂ ತಿರುಗಿ ನೋಡಿದರು. ಮಹಿಳಾ ಸಂಘದ ಲೊರೆಟ್ಟಾಬಾಯಿ ಒಂದು ದಿನ ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಮಾರ್ಸೆಲಿನ್, ನೀನು ಆ ಜಡೆ ಬಿಟ್ಟವರ ಪದ್ಯ ಹಾಡುದಂತೆ? ಗಾಂಜಾ ಸೇದುವವರದ್ದು? ನಿಂಗೆ ಒಂದು ಹೆಣ್ಣು ಮಗು ಉಂಟು, ಮರೀಬೇಡ" ಎಂದರು.

"ಹೆಣ್ಣು ಮಗು ಉಂಟು ಅಂತ್ಲೇ ಹಾಡುದು ಬಾಯಿ" ಎಂದೆ. "ಅವಳಿಗೆ ದೊಡ್ಡ ಸ್ವರದ ಅಮ್ಮ ಇರ್ಲಿ."

ಮನೆಯಲ್ಲಿ ಹೆರಾಲ್ಡ್ ಮುಖ ಊದಿಸಿಕೊಳ್ಳತೊಡಗಿದರು. ಕೆಟ್ಟವರಲ್ಲ ಅವರು. ನನಗೆ ಕೈ ಎತ್ತಿದವರಲ್ಲ, ಕುಡಿದು ಬಂದವರಲ್ಲ. ಆದರೆ ನಾಲ್ಕು ಜನ ಏನೆನ್ನುತ್ತಾರೆ ಎಂಬುದು ಅವರ ತಲೆಯೊಳಗೆ ಇಪ್ಪತ್ತನಾಲ್ಕು ಗಂಟೆ ಓಡುವ ರೇಡಿಯೊ. "ಆಫೀಸಲ್ಲಿ ನನ್ನನ್ನು ಮಿಸ್ಟರ್ ಸಂತೂರಿ ಅಂತ ಕರೀತಾರೆ" ಎಂದರು ಒಂದು ದಿನ. ನನಗೆ ನಗು ಬಂತು. ನಗಬಾರದಿತ್ತು, ಅವರಿಗೆ ಅದು ಚುಚ್ಚಿತ್ತು.

ಈಗ ಜೈಲಿನ ಕಥೆ. ಎಂಬತ್ತಾರರ ಜುಲೈ, ಒಂದು ಭಾನುವಾರ ಸಂಜೆ ನಾಲ್ಕೂವರೆ. ನನ್ನ ಸ್ವರ ಏರುತ್ತಿದ್ದಾಗ ಬಾಗಿಲಲ್ಲಿ ಪೊಲೀಸರು ಕಾಣಿಸಿದರು. ಹಾಲ್‌ನಲ್ಲಿ ಸರಕಾರದ ವಿರುದ್ಧ ಮಾತು ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಪ್ಲಗ್ ಕಿತ್ತರು. ಮುಸ್ಯೋಕಿಯನ್ನೂ ಸೇರಿಸಿ ಹತ್ತು ಗಂಡಸರನ್ನು ಹೊರಗಿದ್ದ ಲಾರಿಗೆ ಹತ್ತಿಸಿದರು. ಇನ್ಸ್‌ಪೆಕ್ಟರ್ ನನ್ನ ಹತ್ತಿರ ಬಂದು ಟೋಪಿ ತೆಗೆದ. ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ, "ಮಾಮಾ, ನೀವು ಇಂಡಿಯನ್ ಮನೆತನದವರು. ಇದು ನಿಮ್ಮ ಜಾಗವಲ್ಲ. ನನ್ನ ಡ್ರೈವರ್ ನಿಮ್ಮನ್ನು ಮನೆಗೆ ಬಿಡುತ್ತಾನೆ" ಎಂದ.

ಹೋಗಬಹುದಿತ್ತು. ಕಾರು ಅಲ್ಲೇ ನಿಂತಿತ್ತು, ಬಾಗಿಲೂ ತೆರೆದಿತ್ತು. ನಾನು ಮೈಕ್ ತೋರಿಸಿ ಹೇಳಿದೆ, "ಇದು ನನ್ನ ಕೈಯಲ್ಲಿತ್ತು. ಅವರು ಬಾಯಿ ಬಿಟ್ಟಿಲ್ಲ. ಮಾತು ಅಪರಾಧವಾದರೆ ಮಾತಾಡಿದವಳು ನಾನು."

"ಮಾಮಾ, ನಿಮಗೆ ಅರ್ಥವಾಗುತ್ತಿಲ್ಲ."

"ನಿಮಗೂ ಅರ್ಥವಾಗಿಲ್ಲ, ಅದಕ್ಕೇ ಬಂದಿದ್ದೀರಿ" ಎಂದು ಹೇಳಿ ಸ್ಕರ್ಟು ಎತ್ತಿ ಹಿಡಿದು ಲಾರಿ ಹತ್ತಿದೆ. ಕೈ ಕೊಟ್ಟು ಮೇಲೆಳೆದವನು ಮುಸ್ಯೋಕಿ. ಸ್ಟೇಷನ್ನಿನಲ್ಲಿ ಬರೆದುಕೊಳ್ಳುವವನು ಉದ್ಯೋಗದ ಜಾಗದಲ್ಲಿ ಕೇಳದೆಯೇ "ಗೃಹಿಣಿ" ಎಂದು ಬರೆದ. ನಾನು ಅದನ್ನು ಹೊಡೆಸಿ "ಡೀಜೇ" ಎಂದು ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಒಂದು ದಿನ ಅಲ್ಲಿದ್ದೆ, ಸಿಮೆಂಟ್ ನೆಲದ ಮೇಲೆ. ಅಷ್ಟೇ ನನ್ನ ಜೈಲು. ಸೋಮವಾರ ಹೆರಾಲ್ಡ್ ಬಂದು ಜಾಮೀನಿಗೆ ಸಹಿ ಹಾಕಿದರು.

ಕೋರ್ಟಿನಲ್ಲಿ ಗೊತ್ತಾಯಿತು, ಅಪರಾಧ ನನ್ನದೇ. ಮಫ್ತಿಯ ಪೊಲೀಸ್ ಒಬ್ಬ ಮೂರು ಭಾನುವಾರ ಬಂದು ನನ್ನ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದನಂತೆ. ಅಪರಿಚಿತ ಭಾಷೆಯಲ್ಲಿ ಗುಪ್ತ ಸಂದೇಶ ಕೊಡುತ್ತಿದ್ದಾಳೆ, "ಪಂಪ್‌ವೆಲ್" ಎಂದರೆ ಪೆಟ್ರೋಲ್ ಪಂಪಿಗೆ ಬೆಂಕಿ ಹಾಕಲು ಸಂಕೇತ, ಎಂದು ಸರಕಾರಿ ವಕೀಲ ವಾದಿಸಿದ. ಆ ಭಾಷೆ ಬಲ್ಲವರನ್ನು ಕರೆಸಿ ಎಂದರು ಮ್ಯಾಜಿಸ್ಟ್ರೇಟ್. ಗುರುವಾರ ಬಂದವರು ಸೂರ್ಯನಾರಾಯಣ ಎಂಬ ಗಣಿತದ ಲೆಕ್ಚರರ್, ಮೈಸೂರಿನವರು, ಹಣೆಯಲ್ಲಿ ಉದ್ದ ನಾಮ. ಇವರು ನನ್ನನ್ನು ಮುಗಿಸಿಬಿಡುತ್ತಾರೆ ಎಂದುಕೊಂಡೆ. ಅವರು ಕನ್ನಡಕ ಒರೆಸಿಕೊಂಡು ನೋಟ್‌ಬುಕ್ಕನ್ನು ಎರಡು ಸಲ ಓದಿದರು.

"ಸ್ವಾಮಿ, ಇವು ಮಂಗಳೂರಿನ ಬಸ್ ಸ್ಟಾಪುಗಳು" ಎಂದರು.

"ಎಲ್ಲವೂ?" ಎಂದರು ಮ್ಯಾಜಿಸ್ಟ್ರೇಟ್.

"ಎಲ್ಲವೂ. ಕ್ರಮವೂ ಸರಿಯಿದೆ. ನಾನು ಅಲ್ಲಿ ಎರಡು ವರ್ಷ ಪಾಠ ಮಾಡಿದ್ದೇನೆ."

"ಈ ಪೋಯಿ ಎಂಬವನು ಯಾರು?" ಎಂದು ವಕೀಲ ಎದ್ದ.

"ಯಾರೂ ಅಲ್ಲ. ಹೋಗೋಣ ಎಂದರ್ಥ. ತುಳುವಿನಲ್ಲಿ."

"ಎಲ್ಲಿಗೆ ಹೋಗೋಣ?"

"ಪಂಪ್‌ವೆಲ್‌ಗೆ" ಎಂದರು ಲೆಕ್ಚರರ್, ನಗದೆ.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಕೋರ್ಟು ನಕ್ಕಿತು, ಮ್ಯಾಜಿಸ್ಟ್ರೇಟರೂ ಕರ್ಚೀಫು ತೆಗೆದರು. ಹನ್ನೊಂದು ಜನವನ್ನೂ ಬಿಟ್ಟರು. ವರಾಂಡದಲ್ಲಿ ಸೂರ್ಯನಾರಾಯಣರು ನನ್ನ ಹತ್ತಿರ ಬಂದು, "ಏನಮ್ಮಾ, ಬಲ್ಮಠ ಯಾಕ್ ಬಿಟ್ಬಿಟ್ರಿ? ಅಲ್ಲೇ ನಮ್ ರೂಮಿದ್ದಿದ್ದು" ಎಂದರು. ಮುಂದಿನ ಭಾನುವಾರವೇ ಹಾಲ್ ತೆರೆದೆವು. ಹೊರಗೆ ರಸ್ತೆಯವರೆಗೆ ಜನ. ಬಲ್ಮಠವನ್ನೂ ಸೇರಿಸಿದೆ.

ಮನೆಯಲ್ಲಿ ನಗು ಇರಲಿಲ್ಲ. ಪೇಪರಿನಲ್ಲಿ ಬೆರಳಿನಷ್ಟು ಸುದ್ದಿ ಬಂದಿತ್ತು, ಹೆರಾಲ್ಡ್ ಅದನ್ನು ಮಡಚಿ ಮೇಜಿನ ಮೇಲಿಟ್ಟಿದ್ದರು.

"ಇನ್ಸ್‌ಪೆಕ್ಟರೇ ಮನೆಗೆ ಹೋಗಿ ಅಂದ್ರಂತೆ. ಮತ್ತೆ ಎಂತಕ್ಕೆ ಲಾರಿ ಹತ್ತಿದ್ದು ನೀನು?"

"ಅವರನ್ನೆಲ್ಲ ಹತ್ತಿಸಿದ್ರಲ್ಲ."

"ಅವರು ನಿಂಗೆ ಎಂತ ಆಗ್ಬೇಕು? ನಿನ್ನ ಗಂಡ ನಾನು. ನಿನ್ನ ಮಗು ಇಲ್ಲಿ ಮನೇಲಿ ಇತ್ತು. ನಮ್ಮ ನೆನಪಾಗ್ಲಿಲ್ವಾ ನಿಂಗೆ?"

ನೆನಪಾಗಿತ್ತು ಅಂಬುಜಾ. ನೆನಪಾಗಿಯೂ ಹತ್ತಿದ್ದೆ. ಅದನ್ನು ಅವರಿಗೆ ಹೇಳಿದೆ. ಹೇಳದಿದ್ದರೆ ಬಹುಶಃ ಸರಿಹೋಗುತ್ತಿತ್ತೋ ಏನೋ.

ಅದಾದ ಮೇಲೆ ಒಂದು ವರ್ಷ ಒಂದೇ ಮನೆಯಲ್ಲಿ ಎರಡು ಬಿಡಾರದಂತೆ ಇದ್ದೆವು. ಎಂಬತ್ತೇಳರ ಮಧ್ಯದಲ್ಲಿ ಅವರ ಅಣ್ಣ ಫೆಲಿಕ್ಸ್ ಮಂಗಳೂರಿನ ಗೇರುಬೀಜದ ಫ್ಯಾಕ್ಟರಿ ನೋಡಿಕೊಳ್ಳಲು ಕರೆದ. ಹೆರಾಲ್ಡ್ ನನ್ನ ಮುಂದೆ ಕೂತು ನಿಧಾನವಾಗಿ ಹೇಳಿದರು, "ನೀನು ಅದನ್ನು ಬಿಟ್ರೆ ನಾವು ಇಲ್ಲೇ ಇರುವ. ಬಿಡದಿದ್ರೆ ನಾನು ಸೆಲಿನ್‌ನ ಕರ್ಕೊಂಡು ಊರಿಗೆ ಹೋಗ್ತೇನೆ." ನಾನು ಬಿಡಲಿಲ್ಲ. ಅವರು ಹೋದರು. ಮಗುವನ್ನು ಕರೆದುಕೊಂಡು ಹೋದರು. ಅವಳಿಗೆ ಒಂಬತ್ತು. ಕೋರ್ಟಿಗೆ ಹೋಗಬಹುದಿತ್ತು ಎನ್ನುತ್ತೀಯ, ಲಾರಿ ಹತ್ತಿದವಳಿಗೆ ಯಾವ ಕೋರ್ಟು ಮಗು ಕೊಡುತ್ತಿತ್ತು ಹೇಳು.

ಆಮೇಲೆ ಏನೇನಾಯಿತೋ ಎಂದು ಮರುಗಬೇಡ. ಎಂಬತ್ತೊಂಬತ್ತರಲ್ಲಿ ಕ್ಯಾಸೆಟ್ಟುಗಳ ಹಾವಳಿಗೆ ನಮ್ಮ ಕಾರ್ಖಾನೆ ಮುಚ್ಚಿತು. ಮುಸ್ಯೋಕಿ ಮತ್ತು ನಾನು ರಿವರ್ ರೋಡಿನಲ್ಲಿ ಎರಡು ಮಾರು ಅಗಲದ ಅಂಗಡಿ ಹಾಕಿದೆವು. ಕ್ಯಾಸೆಟ್ಟು ಮಾರುತ್ತೇವೆ, ಸ್ಪೀಕರ್ ರಿಪೇರಿ ಮಾಡುತ್ತೇವೆ. ಭಾನುವಾರ ಬಿಟ್ಟಿಲ್ಲ. ಈಗ ಪೇಟೆಯ ದೊಡ್ಡ ಬ್ಯಾಂಕಿನ ಹುಡುಗಿಯರೂ ಆಫೀಸು ಶೂ ಚೀಲದಲ್ಲಿಟ್ಟುಕೊಂಡು ನಮ್ಮ ಹಾಲ್‌ಗೆ ಬರುತ್ತಾರೆ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೋದ ವರ್ಷ ಲೊರೆಟ್ಟಾಬಾಯಿಯ ಮಗನ ಮದುವೆ, ಕರೆನ್ ಎಂಬ ಶ್ರೀಮಂತರ ಬಡಾವಣೆಯ ದೊಡ್ಡ ಬಂಗಲೆಯಲ್ಲಿ. ಹುಡುಗನಿಗೆ ಡೀಜೇ ಬೇಕೇ ಬೇಕಂತೆ, ಅದೂ ಮಾಮಾ ಸಂತೂರಿಯೇ ಆಗಬೇಕಂತೆ. ಬಾಯಿ ತಾವೇ ಅಂಗಡಿಗೆ ಬಂದರು. "ಬಾ ಮಾರ್ಸೆಲಿನ್, ಆದ್ರೆ ಆ ಜಡೆ ಬಿಟ್ಟವರದ್ದೊಂದು ಹಾಕ್ಬೇಡ, ಆಯ್ತಾ?" ಎಂದರು. "ಅದನ್ನು ಹಾಕದಿದ್ರೆ ನಾನು ಬರುದಿಲ್ಲ ಬಾಯಿ" ಎಂದೆ. ಹೋದೆ. ಅದನ್ನೇ ಹಾಕಿದೆ. ಮೊದಲಿಗೆ ಹುಡುಗರು, ಆಮೇಲೆ ಗಂಡಸರು ಕೋಟು ಬಿಚ್ಚಿಟ್ಟು, ಕೊನೆಗೆ ಮಹಿಳಾ ಸಂಘದ ಮುಕ್ಕಾಲು ಪಾಲು. ಲೊರೆಟ್ಟಾಬಾಯಿ ಕುಣಿಯಲಿಲ್ಲ. ಆದರೆ ನನಗೆ ತಟ್ಟೆಯಲ್ಲಿ ಊಟ ತಂದು ಸ್ಪೀಕರಿನ ಮೇಲಿಟ್ಟು, ನಾನು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದರು.

ಇದು ನನ್ನ ಬದುಕು. ಊರಿನಲ್ಲಿ ಯಾರಾದರೂ ಅಯ್ಯೋ ಪಾಪ ಎಂದರೆ ನನ್ನ ಪರವಾಗಿ ಜಗಳ ಮಾಡು. ಬೈದರೆ ಬೇಕಾದರೆ ಸುಮ್ಮನಿರು, ಬೈಗುಳ ನನಗೆ ಅಭ್ಯಾಸವಿದೆ. ಪಾಪ ಎನ್ನುವುದನ್ನು ಮಾತ್ರ ತಡೆದುಕೊಳ್ಳಲಾರೆ.

ವಿಶ್ವನಾಥರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಬ್ಬರಿಗೂ ದೇವರು ಆಯುಸ್ಸು, ಆರೋಗ್ಯ, ಮತ್ತೆ ಯಾರಿಗೂ ಹೆದರದ ನಾಲಿಗೆ ಕೊಡಲಿ. ನಿನಗೆ ನನ್ನ ಗಟ್ಟಿ ಅಪ್ಪುಗೆ.

ನಿನ್ನ
ಮಾರ್ಸೆಲಿನ್

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಸ್ಕೂಲಿನ ಫಾರಂನಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಸೆಲಿನ್ "ತೀರಿಕೊಂಡಿದ್ದಾರೆ" ಎಂದು ಬರೆದಿದ್ದಾಳೆ, ಅಪ್ಪ ಹಾಗೆ ಹೇಳಿಕೊಟ್ಟಿರಬೇಕು, ಕರೆದು ತಿದ್ದಿಸಲೇ ಎಂದು ಕೇಳಿದ್ದೀಯ. ಹೆರಾಲ್ಡ್ ಹೇಳಿಕೊಟ್ಟದ್ದಲ್ಲ ಅದು. ಮೇಲೆ ನಾನು ಬರೆದದ್ದು ಪೂರ್ತಿ ನಿಜವಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ನಾವಿಬ್ಬರೇ ಇದ್ದೆವು. ಅವಳು ಕೇಳಿದಳು, "ಮಮ್ಮಿ, ನೀನು ಭಾನುವಾರದ್ದು ನಿಲ್ಲಿಸಿದರೆ ನಾನು ಹೋಗಬೇಕಾಗಿಲ್ಲ, ಅಲ್ವಾ?" ಅಪ್ಪನ ತೀರ್ಮಾನ, ನನ್ನ ಕೈಯಲ್ಲಿಲ್ಲ ಎನ್ನಬಹುದಿತ್ತು. ಮಗುವಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೌದು, ಹೋಗಬೇಕಾಗಿಲ್ಲ" ಎಂದೆ. "ಹಾಗಾದರೆ ನಿಲ್ಲಿಸ್ತೀಯಾ?" ಎಂದಳು. ನಾನು "ಇಲ್ಲ" ಎಂದೆ. ಅವಳು ಅಳಲಿಲ್ಲ. ಕೋಣೆಗೆ ಹೋಗಿ ತನ್ನ ಬಟ್ಟೆಗಳನ್ನು ತಾನೇ ಮಡಚಿ ಪೆಟ್ಟಿಗೆಗೆ ಹಾಕಿಕೊಂಡಳು.

ಅವಳು ಇವತ್ತು ಕೇಳಿದರೂ ನನ್ನ ಉತ್ತರ ಅದೇ. ಇದನ್ನು ನಾನು ಪಾದ್ರಿಗಳಿಗೂ ಹೇಳಿಲ್ಲ.

ತಿದ್ದಿಸಬೇಡ ಅಂಬುಜಾ. ಆ ಜಾಗದಲ್ಲಿ ಏನು ಬರೆಯಬೇಕೆಂಬುದು ಅವಳ ಹಕ್ಕು. ನನಗೆ ಒಂದೇ ಒಂದು ತಿಳಿಸು. ಇಲ್ಲಿಂದ ಹೋಗುವಾಗ ಅವಳಿಗೆ ಕನ್ನಡದ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ, ಅವಳ ಕನ್ನಡ ಕೈಬರಹ ನಾನು ನೋಡಿಯೇ ಇಲ್ಲ. ಅಷ್ಟು ಉದ್ದದ ಪದವನ್ನು ತಪ್ಪಿಲ್ಲದೆ ಬರೆದಳಾ?